ಮಾವಿನಕೊಪ್ಪಲಿನ ಶಾಂತಿಕಲ್ಲು

“ಹುಲ್ಲು ತೆಗೆಯಯ್ಯಾ, ಪುಟ್ಟಯ್ಯ,” ಎಂದರು ನಮ್ಮವರು.

ಪುಟ್ಟಯ್ಯ ಕದಲಲಿಲ್ಲ. ಹಳೇಬೀಡಿನ ಆಚಾರ್ರ ಕಲ್ಲು ಕೆತ್ತುವ ಶೆಡ್ಡಿನೊಳಗೆ, ಮೂಲೆಯ ಹುಲ್ಲಿನ ರಾಶಿಗೆ ಬೆನ್ನು ಕೊಟ್ಟು, ಹೆಗಲ ಕಂಬಳಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ವಯಸ್ಸು ಐವತ್ತೈದು ದಾಟಿದ್ದರೂ ನಿಲುವು ಇನ್ನೂ ಸಿಪಾಯಿಯದೇ.

“ದನದ ಹುಲ್ಲು ಸ್ವಾಮಿ ಅದು. ಅದ್ರಲ್ಲೇನೈತೆ ತೆಗೆಯೋಕೆ?”

“ದನ ಎಲ್ಲಯ್ಯಾ?”

ಪುಟ್ಟಯ್ಯ ಸುತ್ತ ನೋಡಿದ. ನಾನೂ ನೋಡಿದೆ. ಅರ್ಧ ಕೆತ್ತಿದ ಗಣಪತಿ ಎರಡು, ಸೊಂಡಿಲಿಲ್ಲದ ಆನೆ ಒಂದು, ಆಚಾರ್ರ ಉಳಿ ಸುತ್ತಿಗೆ. ದನವೂ ಇಲ್ಲ, ಕರುವೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದೆ.

“ನೀನು ನಗಬೇಡ ಕಣೇ. ಇದು ವಿಚಾರಣೆ,” ಎಂದು ಇವರು ನನ್ನ ಮೇಲೆ ಕಣ್ಣು ಬಿಟ್ಟರು.

ಇವರು ಅಂದರೆ ಯೋಗನರಸಿಂಹ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ಪೆನ್ಷನ್ ಆದ ಮೇಲೆ ಅರಸೀಕೆರೆಯಲ್ಲಿ ಬೇರೆಯವರ ಗಂಡಂದಿರೆಲ್ಲ ಜಗುಲಿಯ ಮೇಲೆ ಕೂತು ಪೇಪರು ಓದುತ್ತಾರೆ. ನನ್ನ ಗಂಡ ಕಂಡವರ ಹುಲ್ಲು ಕೆದಕುತ್ತಾರೆ. ನಾನು ಕೋಮಲವಲ್ಲಿ. ಕೊಡೆ ಮತ್ತು ಕಾಫಿ ಫ್ಲಾಸ್ಕು ಹಿಡಿದು ಹಿಂದೆ ಹೋಗುವುದು ನನ್ನ ಕೆಲಸ, ಅಂತ ಇವರು ತಿಳಿದಿದ್ದಾರೆ. ತಿಳಿದುಕೊಳ್ಳಲಿ ಪಾಪ.

ಮಂಗಳವಾರ ಬೆಳಗಾಗುವಷ್ಟರಲ್ಲಿ ಮಾವಿನಕೊಪ್ಪಲಿನ ಶಾಂತಿಕಲ್ಲು ಮಾಯವಾಗಿತ್ತು. ಅಲ್ಲಿ ಗಾಡಿ ಓಡಾಡಿದ ಗುರುತು ಕಂಡು, ಅದನ್ನು ಕದ್ದವನೆಂದು ಪುಟ್ಟಯ್ಯನ ತಂಗಿಯ ಗಂಡ ಕರಿಯಣ್ಣನನ್ನು ಠಾಣೆಯವರು ಒಳಗೆ ಹಾಕಿದ್ದರು. ಆ ತಂಗಿ ಅಣ್ಣಮ್ಮ ನಿನ್ನೆ ಅರಸೀಕೆರೆಗೆ ಬಂದು ನಮ್ಮ ಬಾಗಿಲಲ್ಲಿ ಕೂತು, “ನಮ್ಮನೆಯೋರನ್ನ ಬಿಡಿಸಿಕೊಡಿ ಸ್ವಾಮ್ಯೋರೇ, ಅವ್ರು ಕದ್ದಿಲ್ಲ,” ಎಂದು ಅತ್ತಿದ್ದಳು. ಈಗ ಇಲ್ಲೇ ಹಳೇಬೀಡಿನ ಗುಡಿಯ ಪೌಳಿಗೋಡೆಯ ನೆರಳಲ್ಲಿ ನಮಗಾಗಿ ಕಾಯುತ್ತಿದ್ದಳು.

ಕಲ್ಲು ಕದಿಯುವುದೇ ಎಂದು ನಗಬೇಡಿ. ಜಾವಗಲ್ ದಾರಿಯಲ್ಲಿ ಹೋದವರಿಗೆ ಗೊತ್ತು, ಅದು ಹೊರೆಗಲ್ಲು. ನೆಟ್ಟ ಎರಡು ಕಂಬ, ಮೇಲೊಂದು ಅಡ್ಡಚಪ್ಪಡಿ. ತಲೆಹೊರೆ ಹೊತ್ತು ಬಂದವರು ಯಾರನ್ನೂ ಕರೆಯದೆ ಅದರ ಮೇಲೆ ಹೊರೆ ಸರಿಸಿ, ಕತ್ತು ನೀವಿಕೊಂಡು, ಮತ್ತೆ ತಲೆಗೆ ಸರಿಸಿಕೊಂಡು ಹೋಗಬಹುದು. ಪುಟ್ಟಯ್ಯ ದೊಡ್ಡ ಯುದ್ಧಕ್ಕೆ ಹೋಗಿ ಸಿಂಗಪುರದಲ್ಲಿ ಜಪಾನಿನವರ ಸೆರೆ ಸಿಕ್ಕು, ಸತ್ತನೆಂದೇ ಊರವರು ತಿಳಿದಿದ್ದಾಗ ಮೂಳೆ ಚಕ್ಕಳವಾಗಿ ಮರಳಿ ಬಂದವನು. ಬಂದವನು ಊರನ್ನು ಸೇರಿಸಿ, “ಲೋಕದ ಜಗಳ ನಿಲ್ಸೋಕೆ ನಮ್ಮ ಕೈಲಾಗಲ್ಲ. ಹೊರೆ ಇಳಿಸೋಕೆ ಒಂದ್ ಕಲ್ಲು ನಿಲ್ಲಿಸ್ಬೋದು,” ಎಂದನಂತೆ. ಮನೆಗೊಬ್ಬರು ಕೈ ಹಾಕಿ ಎತ್ತಿ ನಿಲ್ಲಿಸಿದ ಕಲ್ಲು ಅದು.

ಅವತ್ತಿನಿಂದ ಒಂದು ಪದ್ಧತಿ. ಹೊರೆಯನ್ನು ಮತ್ತೆ ಎತ್ತಿಕೊಳ್ಳುವ ಮುಂಚೆ ಕಲ್ಲು ಮುಟ್ಟಿ, “ಎಲ್ಲಾರ ಹೊರೆನೂ ಇಳೀಲಿ,” ಎನ್ನಬೇಕು. ಮಾತು ಬಿಟ್ಟವರಿಬ್ಬರು ಅಲ್ಲಿ ಎದುರಾದರೆ ಒಬ್ಬರ ಹೊರೆಗೆ ಇನ್ನೊಬ್ಬರು ಕೈ ಕೊಡಲೇಬೇಕು. ಲೋಕಶಾಂತಿ ಎಂದು ದೊಡ್ಡವರು ದಿಲ್ಲಿಯಲ್ಲಿ ಭಾಷಣ ಮಾಡುತ್ತಾರೆ. ಮಾವಿನಕೊಪ್ಪಲಿನ ಹೆಂಗಸರು ಅದನ್ನೇ ದಿನಾ ಸೌದೆ ಹೊರೆಯ ಜೊತೆ ನೆನೆಸಿಕೊಳ್ಳುತ್ತಾರೆ. ಅಣ್ಣಮ್ಮ ಇದನ್ನು ಹೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು.

“ನೋಡಯ್ಯಾ,” ಎಂದು ಇವರು ಕೋಲನ್ನು ಗಣಪತಿಗೆ ಒರಗಿಸಿದರು. “ಇವತ್ತು ಬೆಳಗ್ಗೆ ನಿಮ್ಮೂರಿಗೆ ಹೋಗಿದ್ದೆ. ಚಪ್ಪಡಿ ಅಲ್ಲಾಡದ ಹಾಗೆ ಕಂಬದ ತಲೆಗೆ ಚಕ್ಕೆಕಲ್ಲು ಇಟ್ಟಿರುತ್ತಾರಲ್ಲ, ಅವೆಲ್ಲ ಕಂಬದ ಬುಡದಲ್ಲಿ ಜೋಡಿಸಿಟ್ಟಿದ್ದವು. ಕಳ್ಳನಾಗಿದ್ದರೆ ಬಿಸಾಡಿ ಹೋಗ್ತಿದ್ದ. ಈ ಕಳ್ಳ ಮತ್ತೆ ಬಂದು ಕೂರಿಸೋ ಯೋಚನೆಯಲ್ಲಿದ್ದ.”

ಪುಟ್ಟಯ್ಯ ನೆಲ ನೋಡಿದ.

“ಅಲ್ಲೇ ನಮಗೊಂದು ತೆಂಗಿನಕಾಯಿ ಜುಟ್ಟು ಸಿಕ್ಕಿತು.”

ನಮಗೆ! ಸಿಕ್ಕಿದ್ದು ನನಗೆ. ಇವರು ಕನ್ನಡಕ ಹಣೆಗೇರಿಸಿಕೊಂಡು ಕಂಬದ ಮೇಲಿನ ಗಾಡಿ ಕೀಲೆಣ್ಣೆಯ ಕಲೆ ನೋಡುತ್ತಿದ್ದಾಗ ನಾನೇ ಬೇಲಿಯ ಬುಡದಿಂದ ಹೆಕ್ಕಿ ಕೊಟ್ಟದ್ದು. ಕಾಯಿ ಒಡೆದು ಪೂಜೆ ಮಾಡಿದ ಮೇಲೆ ತಾನೇ ಜುಟ್ಟು ಕೀಳುವುದು? ಕದಿಯುವ ಮುಂಚೆ ಕೈ ಮುಗಿದು ಕಾಯಿ ಒಡೆಯುವ ಕಳ್ಳ ಎಲ್ಲಿಯವನು, ಹೊರಗಿನವನಂತೂ ಅಲ್ಲ ಅಂದವಳೂ ನಾನೇ.

“ಆಮೇಲೆ ಹುಲ್ಲು,” ಎಂದರು ಇವರು. “ಕಂಬದ ಸುತ್ತ ಉದುರಿದ್ದು ಭತ್ತದ ಹುಲ್ಲು. ನಿಮ್ಮ ಕಡೆ ಎಲ್ಲ ರಾಗಿ ಹೊಲ. ಕರಿಯಣ್ಣನ ಗಾಡೀಲಿ ಇರೋದು ರಾಗಿ ಹುಲ್ಲು, ನಾನೇ ಕಣ್ಣಾರೆ ನೋಡಿ ಬಂದೆ. ಕೆರೆ ಕೆಳಗೆ ಭತ್ತ ಬೆಳೆದು, ಆ ಹುಲ್ಲಲ್ಲಿ ವಿಗ್ರಹ ಮಲಗಿಸಿ ಸಾಗಿಸೋರು ಹಳೇಬೀಡಿನ ಆಚಾರ್ರು. ಆ ಕಲ್ಲು ಕೆತ್ತಿಕೊಟ್ಟ ಆಚಾರ್ರು ಯಾರು ಅಂದರೆ ನಿಮ್ಮೂರಲ್ಲಿ ಮಕ್ಕಳೂ ಹೇಳ್ತಾವೆ. ಇನ್ನೂ ಹೇಳಲಾ, ಅಥವಾ ಹುಲ್ಲು ತೆಗೀತೀಯಾ?”

ಪುಟ್ಟಯ್ಯ ಕಂಬಳಿ ಕೆಳಗಿಟ್ಟ. ಬಗ್ಗಿ ಎರಡೂ ತೋಳಲ್ಲಿ ಹುಲ್ಲು ಬಾಚಿ ಪಕ್ಕಕ್ಕೆ ಹಾಕಿದ.

ಕೆಳಗೆ ಶಾಂತಿಕಲ್ಲು ಮಲಗಿತ್ತು. ಎಷ್ಟೋ ವರ್ಷ ಹೊರೆಗಳು ಜಾರಿ ಜಾರಿ ಅದರ ಬೆನ್ನು ನುಣುಪಾಗಿತ್ತು. ಅಂಚಿನಲ್ಲಿ ಅರಿಶಿನ ಕುಂಕುಮ ದಪ್ಪಗೆ ಕಟ್ಟಿತ್ತು. ನಡುವೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ, ಹಸಿ ಬಿರುಕು.

“ಅಯ್ಯೋ,” ಎಂದೆ ನಾನು.

“ನೀನು ಒಡೆದೆಯಾ?” ಇವರ ದನಿ ಗಡುಸಾಯಿತು.

“ನಾನಾ?” ಪುಟ್ಟಯ್ಯ ತಲೆ ಎತ್ತಿದ. “ನನ್ನ ಕೈ ಬೇಕಾದ್ರೆ ಒಡ್ಕೊತೀನಿ ಸ್ವಾಮಿ, ಈ ಕಲ್ಲು ಒಡೀತೀನಾ? ಸೋಮವಾರ ಬೆಳಗ್ಗೆ ತೊಳೆಯೋಕೆ ಹೋದೆ. ಒಡೆದಿತ್ತು.”

“ಊರಿಗೆ ಯಾಕೆ ಹೇಳಲಿಲ್ಲ?”

“ಊರಿಗಲ್ಲ ಸ್ವಾಮಿ, ನನ್ನ ತಂಗಿಗೆ ಹೆದರಿ.”

ಆಮೇಲೆ ಅವನು ಹುಲ್ಲಿನ ಮೇಲೆ ಕೂತುಬಿಟ್ಟ. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ವಿಚಾರಣೆಯಲ್ಲಿ ಕಾಫಿ ಕೊಡುವ ಪದ್ಧತಿ ಇಲ್ಲವೆಂದು ಇವರು ಗಂಟಲು ಸರಿಮಾಡಿಕೊಂಡರು. ನನಗೆ ಕೇಳಿಸಲಿಲ್ಲ.

“ನನ್ನ ತಂಗಿಗೆ ಒಬ್ಬನೇ ಮಗ, ಜವರ,” ಎಂದ ಪುಟ್ಟಯ್ಯ. “ಮಿಲಿಟ್ರಿಗೆ ಸೇರ್ದ. ಹೋದ ವರ್ಷ ದೀಪಾವಳಿ ಹೊತ್ತಿಗೆ ಚೀನಾ ಗಡೀಲಿ ಕಾಣೆಯಾದ ಅಂತ ಸುದ್ದಿ ಬಂತು. ಸತ್ತ ಅನ್ನಲ್ಲ, ಬದುಕವ್ನೆ ಅನ್ನಲ್ಲ. ಅಣ್ಣಮ್ಮ ಅವತ್ತಿಂದ ಈ ಕಲ್ಲು ಹಿಡ್ಕೊಂಡ್ಳು. ‘ಅಣ್ಣಾ, ಸತ್ತೋದ ಅಂದಿದ್ ನಿನ್ನನ್ನೇ ದೇವ್ರು ಕಳಿಸ್ದ. ನೀನು ನಿಲ್ಲಿಸಿದ ಕಲ್ಲು ನಿಂತಿರೋವರ್ಗೂ ನನ್ನ ಮಗಂಗೂ ಏನೂ ಆಗಲ್ಲ’ ಅಂತಾಳೆ. ದಿನಾ ಕುಂಕುಮ ಇಡ್ತಾಳೆ. ಅಂತಾವಳಿಗೆ ಈ ಬಿರುಕು ಹೆಂಗ್ ತೋರಿಸ್ಲಿ ತಾಯಿ?” ಕೊನೆಯ ಮಾತು ಅವನು ನನ್ನನ್ನೇ ಕೇಳಿದ.

ನಾನು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

“ಮತ್ತೆ ಸೋಮವಾರ ಇಡೀ ದಿನ ಯಾರ ಕಣ್ಣಿಗೂ ಬೀಳಲಿಲ್ಲವೇ?” ಎಂದರು ಇವರು.

“ಒಂದ್ ರಾಗಿ ಮೂಟೆ ತಂದು ಬಿರುಕಿನ ಮೇಲೆ ಹೇರಿ, ಪಕ್ಕದಲ್ಲೇ ನಿಂತ್ಕೊಂಡೆ. ಹೆಂಗಸರೆಲ್ಲ ನಗಾಡಿದ್ರು, ‘ಏನ್ ಪುಟ್ಟಯ್ಯಣ್ಣ, ಹೊರೆ ಇಳಿಸಿ ಮರ್ತೋಯ್ತಾ’ ಅಂತ. ಉಣ್ಣೋಕೂ ಹೋಗ್ಲಿಲ್ಲ. ನನ್ನ ಪುಣ್ಯ, ಅವತ್ತು ಅಣ್ಣಮ್ಮ ಕುಂಕುಮ ಇಡೋಕೆ ಬರ್ಲೇ ಇಲ್ಲ. ಒಂದು ದಿನನೂ ತಪ್ಪಿಸಿದೋಳಲ್ಲ, ಅವತ್ತೇ ಬರ್ಲಿಲ್ಲ. ದೇವ್ರು ದೊಡ್ಡೋನು ಅಂದ್ಕೊಂಡೆ. ಮಂಗಳವಾರ ಮಬ್ಬಲ್ಲೇ ಆಚಾರ್ರ ಗಾಡಿ, ಆಳುಗಳನ್ನ ಕರ್ಕೊಂಡೋಗಿ ಇಳಿಸ್ಕೊಂಡ್ ಬಂದೆ. ಇಂತಾದ್ದೇ ಇನ್ನೊಂದು ಚಪ್ಪಡಿ ಮಾಡ್ಸಿ, ಎಣ್ಣೆ ಉಜ್ಜಿ, ಕುಂಕುಮ ಮೆತ್ತಿ ನಿಲ್ಲಿಸ್ಬಿಟ್ರೆ, ಕದ್ದೋನು ಹೆದ್ರಿ ತಂದಿಟ್ಟ ಅಂದ್ಕೊತಾಳೆ ಅಂತ ನನ್ನ ಲೆಕ್ಕ.”

ಎಂಥ ಪೆದ್ದು ಲೆಕ್ಕ! ಆದರೂ ಬೈಯಲು ನನಗೆ ಬಾಯಿ ಬರಲಿಲ್ಲ. ತಂಗಿಗಾಗಿ ತಾನೇ ಕಟ್ಟಿದ್ದನ್ನು ತಾನೇ ಕದ್ದವನನ್ನು ಯಾವ ಬಾಯಲ್ಲಿ ಬೈಯಲಿ?

“ನಿನ್ನ ತಂಗಿಯ ಗಂಡ ಲಾಕಪ್ಪಿನಲ್ಲಿದ್ದಾನೆ, ಗೊತ್ತೇನಯ್ಯಾ?” ಎಂದರು ಇವರು.

“ನಿನ್ನೆ ಬಸ್ಸಿನೋರು ಹೇಳಿದ್ರು. ಆಗ್ಲಿಂದ ಇಲ್ಲೇ ಕೂತಿದೀನಿ ಸ್ವಾಮಿ. ನಾನು ಬಾಯಿ ಬಿಟ್ರೆ ತಂಗಿಗೆ ಬಿರುಕು ಗೊತ್ತಾಯ್ತದೆ. ಬಿಡ್ದೇ ಇದ್ರೆ ಅವಳ ಗಂಡ ಒಳಗೆ ಕೊಳೀತಾನೆ. ನೀವೇ ಹೇಳಿ, ನಾನೇನ್ ಮಾಡ್ಲಿ?”

“ನನ್ನ ಜೊತೆ ಠಾಣೆಗೆ ಬಂದು ನಡೆದದ್ದು ನಡೆದ ಹಾಗೆ ಹೇಳೋದು.”

“ಬತ್ತೀನಿ. ಜೈಲಿಗೆ ಹಾಕಿದ್ರೂ ಬತ್ತೀನಿ, ಜಪಾನಿನೋರ ಜೈಲೇ ಕಂಡಿದೀನಿ. ಬಿರುಕಿನ ವಿಚಾರ ಒಂದು ಬಿಟ್ಬಿಡಿ ಸ್ವಾಮಿ. ಬೇರೆ ಏನಾದ್ರೂ ಬರ್ಸಿ.”

“ಸುಳ್ಳು ಹೇಳಿಕೆ ಬರೆಸೋಕಾಗಲ್ಲ.”

“ಏನೂಂದ್ರೆ,” ಎಂದು ನಾನು ಬಾಯಿ ಹಾಕಿದೆ. “ಒಂದು ಮಾತು ಬಿಟ್ಟರೆ ಏನಂತೆ? ಒಬ್ಬ ತಾಯಿ—”

“ಕೋಮಲಾ, ಕಾನೂನಿಗೆ ತಾಯಿ ತಂದೆ ಇಲ್ಲ.”

ಹೌದು, ಇವರು ಹಾಗೇ. ಸ್ವಂತ ಅಕ್ಕನ ಮಗ ಗೋಪಾಲಸ್ವಾಮಿ ಯಾರದೋ ಸೈಕಲ್ಲು ಹತ್ತಿ ಹೋದನೆಂದು ಅವನನ್ನು ತಾವೇ ಕೈ ಹಿಡಿದು ಠಾಣೆಗೆ ಬಿಟ್ಟು ಬಂದವರು. ಆ ಅಕ್ಕ ಇವತ್ತಿಗೂ ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಮನಸ್ಸು ಬೆಣ್ಣೆ, ನನಗೆ ಗೊತ್ತು. ಆದರೆ ಕಾನೂನು ಎಂದ ಕೂಡಲೇ ಈ ಮನುಷ್ಯನ ಕಿವಿ ಮುಚ್ಚಿಹೋಗುತ್ತದೆ.

ಇವರು ಕೋಲು ತೆಗೆದುಕೊಂಡು ಶೆಡ್ಡಿನಲ್ಲಿ ಅತ್ತಿಂದಿತ್ತ ನಡೆದಾಡಿದರು.

“ನನಗೆ ಬಿಡಿಸೋಕಾಗದ ಗಂಟು ಬೇರೆ ಇದೆ. ಸೋಮವಾರ ಮುಂಜಾನೆ ಕರಿಯಣ್ಣನ ಗಾಡಿ ಬಾಣಾವರದ ಕಡೆಯಿಂದ ಬಂದದ್ದನ್ನ ಕಂಡವರಿದ್ದಾರೆ. ಗಾಡಿ ಚಕ್ರದ ನಡುವಿನ ಗುಂಬ ತರಚಿದೆ. ಕಂಬದ ಮೇಲೆ ಕೀಲೆಣ್ಣೆ. ಅಂದರೆ ಕಲ್ಲಿಗೆ ಗುದ್ದಿದ್ದು ಅವನ ಗಾಡಿ. ಗುದ್ದಿದೆ ಅಂತ ಹೇಳಿಬಿಟ್ಟರೆ ಮುಗೀತು. ಆದರೆ ಅವನು ‘ಗಾಡಿ ಎಲ್ಲಿಗೆ ಹೋಗಿತ್ತು’ ಅಂದರೆ ತುಟಿ ಬಿಚ್ಚಲ್ಲ. ಏಟು ತಿಂದರೂ ಬಿಚ್ಚಲ್ಲ ಅನ್ನೋ ಹಾಗೆ ಕೂತಿದ್ದಾನೆ. ಯಾಕೆ?”

“ಅದೇ ನಂಗೂ ತಿಳೀತಿಲ್ಲ,” ಎಂದ ಪುಟ್ಟಯ್ಯ. “ಕರಿಯಣ್ಣ ನನ್ನ ಮ್ಯಾಲೆ ಮುನಿಸ್ಕೊಂಡವ್ನೆ ನಿಜ. ‘ನಿನ್ನ ಸಿಪಾಯಿ ಕತೆ ಕೇಳಿ ನನ್ನ ಮಗ ಕೆಟ್ಟ’ ಅಂತ. ಆದ್ರೂ ಸುಳ್ಳು ಹೇಳೋ ಪೈಕಿ ಅಲ್ಲ. ಈಗೀಗ ಆ ಮನೇಲಿ ಏನೇನೋ ನಡೀತೈತೆ ಸ್ವಾಮಿ. ಹೋದ್ ವಾರ ಮಿಲಿಟ್ರಿ ಪೊಲೀಸಿನೋರು ಬಂದು ಜವರನ್ನ ವಿಚಾರಿಸ್ಕೊಂಡ್ ಹೋದ್ರಂತೆ. ಕಾಣೆಯಾದೋನ್ನ ಮನೇಲಿ ಬಂದು ಹುಡುಕ್ತಾರಾ ಎಲ್ಲಾದ್ರೂ?”

ಇವರು ನಡೆದಾಡುವುದನ್ನು ನಿಲ್ಲಿಸಿದರು. “ಮಿಲಿಟರಿ ಪೊಲೀಸರೇ?”

ಗಂಡಸರಿಬ್ಬರೂ ಮಾತಿಗೆ ಬಿದ್ದರು. ನಾನು ಕಲ್ಲಿನ ಪಕ್ಕ ಕೂತು ಆ ಕುಂಕುಮ ನೋಡುತ್ತಿದ್ದೆ. ಒಂದು ವರ್ಷದ ಕುಂಕುಮ. ಬೆರಳಲ್ಲಿ ಸವರಿದಾಗ ಬಿರುಕಿನೊಳಗೆ ಏನೋ ಚುಚ್ಚಿತು. ತಲೆಯ ಪಿನ್ನು ತೆಗೆದು ಕೆದಕಿದೆ. ಹಸಿರು ಗಾಜಿನ ಚೂರು ಹೊರಬಂತು. ಬಳೆಯ ಚೂರು.

ಚೂರನ್ನು ಬೆಳಕಿಗೆ ಹಿಡಿದೆ.

ಅಣ್ಣಮ್ಮನ ಎಡಗೈ ತುಂಬ ಹಸಿರು ಬಳೆ. ಬಲಗೈ ಬರಿದು. ಈಗ ತಾನೇ ಬಸ್ಸು ಇಳಿದಾಗ ಬಳೆ ಅಂಗಡಿ ಕಂಡು, “ಬಾ ಅಣ್ಣಮ್ಮ, ಮುತ್ತೈದೆ ಕೈ ಬರಿದಾಗಿರಬಾರದು,” ಎಂದು ಕರೆದಿದ್ದೆ. “ನಮ್ಮನೆಯೋರು ಹೊರಗ್ ಬರ್ಲಿ ಅಮ್ಮಾರೆ, ಆಮೇಲೆ ತೊಡ್ತೀನಿ,” ಎಂದು ಕೈಯನ್ನು ಸೆರಗೊಳಗೆ ಎಳೆದುಕೊಂಡಿದ್ದಳು. ಹಾಗಾದರೆ ಕಲ್ಲು ಒಡೆದಾಗ ಆ ಗಾಡಿಯಲ್ಲಿ ಅವಳೂ ಇದ್ದಳು. ಬಿರುಕು ಅವಳಿಗೆ ಗೊತ್ತು. ಅವಳಿಂದ ಮುಚ್ಚಿಡಲು ಈ ಅಣ್ಣ ಪಡುತ್ತಿರುವ ಪಾಡೆಲ್ಲ ದಂಡ.

ಮಗನ ಪ್ರಾಣವೇ ಈ ಕಲ್ಲಿನಲ್ಲಿದೆ ಎನ್ನುವವಳು, ಕಲ್ಲು ಒಡೆದದ್ದನ್ನು ಕಣ್ಣಾರೆ ಕಂಡೂ ಎದೆ ಬಡಿದುಕೊಂಡು ಅಳಲಿಲ್ಲವಲ್ಲ? ಗಂಡನಿಗಾಗಿ ಅತ್ತಳು. ಮಗನ ಹೆಸರು ಎತ್ತಲೂ ಇಲ್ಲ.

“ಏನೇ ಅದು ಕೈಯಲ್ಲಿ?” ಇವರು ಕೇಳಿದರು.

“ಏನಿಲ್ಲ, ಪಿನ್ನು,” ಎಂದು ಚೂರನ್ನು ಸೆರಗಿನ ತುದಿಗೆ ಹಾಕಿ ಗಂಟು ಬಿಗಿದೆ. ಪಿನ್ನೂ ಕೈಯಲ್ಲೇ ಇತ್ತು, ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ.

ಪುಟ್ಟಯ್ಯ ಖಾಲಿ ಲೋಟ ನನ್ನ ಕೈಗೆ ಕೊಡುತ್ತ ಹೇಳಿದ: “ನೀವೊಂದು ಉಪಕಾರ ಮಾಡಿ ತಾಯಿ. ಅವಳ ಹೊಟ್ಟೆಗೇನಾದ್ರೂ ಕೊಡ್ಸಿ. ಸಿಹಿ ಮಾತ್ರ ಬ್ಯಾಡಿ. ಮಗ ಮನೆಗೆ ಬಂದು ನನ್ನ ಕಣ್ಮುಂದೆ ನಿಲ್ಲೋವರ್ಗೂ ಬೆಲ್ಲ ಮುಟ್ಟಲ್ಲ ಅಂತ ಹರಕೆ ಹೊತ್ತವಳೆ. ಹಬ್ಬದಲ್ಲಿ ಹೋಳಿಗೆ ಬೇಯಿಸಿ ಎಲ್ಲಾರ್ಗೂ ಬಡಿಸ್ತಾಳೆ, ತಾನು ಬಾಯಿಗಿಡಲ್ಲ.”

ಲೋಟ ನನ್ನ ಕೈಯಿಂದ ಜಾರಿತು.

ಇದು ಧನುರ್ಮಾಸ. ಬೆಳಗಿನ ಪೂಜೆಗೆ ಸಿಹಿ ಪೊಂಗಲ್ ಮಾಡಿದ್ದೆ. ರಾತ್ರಿ ನಮ್ಮಲ್ಲೇ ಉಳಿದಿದ್ದ ಅಣ್ಣಮ್ಮನಿಗೆ ನಡುಮನೆಯಲ್ಲೇ ಎಲೆ ಹಾಕಿ ಬಡಿಸಿದೆ. ನಮ್ಮತ್ತೆ ಇದ್ದಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಅಣ್ಣಮ್ಮ ತಿಂದಳು. ಎರಡನೇ ಸಲ ಹಾಕಿಸಿಕೊಂಡಳು. ಎಲೆಯ ಮೇಲಿನ ಬೆಲ್ಲದ ಪಾಕವನ್ನೂ ಬೆರಳಲ್ಲಿ ಬಳಿದಳು. ನನ್ನ ಕೈರುಚಿ ಎಂದು ನಾನು ಬೀಗಿದ್ದೆ.

“ಅಣ್ಣಮ್ಮ ಒಬ್ಬಳೇ ಕೂತಿದ್ದಾಳೆ, ನೋಡಿ ಬರ್ತೀನಿ,” ಎಂದು ಹೊರಟೆ. ಇವರು ಮಿಲಿಟರಿ ಪೊಲೀಸಿನವರ ವಿಚಾರ ಕೆದಕುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

ಪೌಳಿಗೋಡೆಯ ಬದಿಯಲ್ಲಿ ಒಬ್ಬಳು ಕಡಲೆಕಾಯಿ ಮಿಠಾಯಿ ಮಾರುತ್ತಿದ್ದಳು. ಒಂದಿಷ್ಟು ತೆಗೆದುಕೊಂಡೆ. ಅಣ್ಣಮ್ಮ ಬಿಸಿಲಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಸಿಕ್ತಾ ಅಮ್ಮಾರೆ?”

“ಸಿಕ್ಕಿತು. ನಿನ್ನ ಗಂಡ ಕದ್ದಿಲ್ಲ ಅಂತಲೂ ಗೊತ್ತಾಯ್ತು. ಬಿಡ್ತಾರೆ.”

ಅವಳು ಎರಡೂ ಕೈ ಮುಗಿದು ಗುಡಿಯ ಕಡೆ ತಿರುಗಿದಳು. ನಾನು ಪಕ್ಕದಲ್ಲಿ ಕೂತು ಪೊಟ್ಟಣ ಬಿಚ್ಚಿದೆ.

“ತಗೋ. ಬೆಳಗ್ಗೆ ತಿಂದದ್ದಷ್ಟೇ ನೀನು.”

ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ಎಂಥ ನಿರಾಳ ಇತ್ತೆಂದರೆ, ನಾನು ಬಾಯಿ ಮುಚ್ಚಿಕೊಂಡು ಸುಮ್ಮನೆ ಎದ್ದುಹೋಗಲೇ ಅನ್ನಿಸಿತು. ಆದರೂ ಕೇಳಿದೆ.

“ಅಣ್ಣಮ್ಮ, ನೀನು ಬೆಲ್ಲ ಬಿಟ್ಟಿದ್ದೆಯಂತೆ?”

ಅಗಿಯುತ್ತಿದ್ದ ಬಾಯಿ ನಿಂತಿತು.

ನಾನು ಸೆರಗಿನ ಗಂಟು ಬಿಚ್ಚಿ ಬಳೆಯ ಚೂರು ತೋರಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣಿಂದ ನೀರು ಇಳಿಯತೊಡಗಿತು, ಆದರೆ ತುಟಿ ನಗುತ್ತಿತ್ತು.

“ಬಂದವ್ನೆ ಅಮ್ಮಾರೆ,” ಎಂದಳು ಪಿಸುದನಿಯಲ್ಲಿ. “ನನ್ನ ಮಗ ಬಂದವ್ನೆ. ಗುಟ್ಟಾಗಿ ಹೇಳಿಕಳ್ಸಿ ಬಾಣಾವರದಲ್ಲಿ ರೈಲಿಳಿದ. ಗಾಡೀಲಿ ಹುಲ್ಲೊಳಗೆ ಮಲಗಿಸ್ಕೊಂಡ್ ಬಂದ್ವಿ. ಆ ಮಂಜಲ್ಲಿ ಎತ್ತು ಬೆದರಿ ಗಾಡಿ ಕಲ್ಲಿಗೆ ಹೊಡೀತು. ಕಲ್ಲು ಬೀಳ್ತೈತೆ ಅಂತ ಕೈ ಕೊಟ್ಟೆ, ಬಳೆ ಹೋಯ್ತು, ಕಲ್ಲೂ ಒಡೀತು. ಅಯ್ಯೋ ನನ್ನ ಮಗ ಅಂತ ಕಿರುಚ್ದೆ. ‘ಇಲ್ಲೇ ಇದೀನಿ ಕಣವ್ವಾ’ ಅಂದ ಹುಲ್ಲೊಳಗಿಂದ.”

“ಮತ್ತೆ ಯಾಕಮ್ಮ ಬಚ್ಚಿಟ್ಟಿದ್ದೀರಿ? ಊರಿಗೆಲ್ಲ ಸಿಹಿ ಹಂಚೋ ಸುದ್ದಿ!”

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

“ರಜ ತಗೊಂಡ್ ಬಂದಿಲ್ಲ ಅಮ್ಮಾರೆ, ಬಿಟ್ಟು ಬಂದವ್ನೆ. ಬಂದೂಕ ಕೆಳಗಿಟ್ಟು, ವರ್ಷವೆಲ್ಲ ಅಲ್ಲಿ ಇಲ್ಲಿ ತಲೆ ಮರೆಸ್ಕೊಂಡಿದ್ದು ಬಂದವ್ನೆ. ‘ಮಾವ ಚಿಕ್ಕಂದಿಂದ ಕಲ್ಲು ಮುಟ್ಟಿಸಿ ಹೇಳ್ಸಿದ್ನಲ್ಲವ್ವ, ಎಲ್ಲಾರ ಹೊರೆನೂ ಇಳೀಲಿ ಅಂತ, ನಾನು ನನ್ನದು ಇಳಿಸ್ಬಿಟ್ಟೆ’ ಅಂತಾನೆ. ಸಿಕ್ಕಿದ್ರೆ ಹಿಡ್ಕೊಂಡ್ ಹೋಯ್ತಾರೆ. ಅದಕ್ಕೇ ನಮ್ಮನೆಯೋರು ಲಾಕಪ್ಪಲ್ಲಿ ಬಾಯಿ ಬಿಡ್ತಿಲ್ಲ. ನೀವೂ ಒಬ್ಬ ತಾಯಿ. ನಿಮ್ಮ ಕಾಲಿಗೆ ಬೀಳ್ತೀನಿ, ಸ್ವಾಮ್ಯೋರಿಗೆ ಮಾತ್ರ ಹೇಳ್ಬ್ಯಾಡಿ.”

ನನ್ನ ಬೆನ್ನ ಹಿಂದೆ ಕೋಲು ಕಲ್ಲಿಗೆ ತಾಗಿದ ಸದ್ದಾಯಿತು. ಕಾನೂನಿಗೆ ತಾಯಿ ತಂದೆ ಇಲ್ಲ ಎಂದಿದ್ದ ಅದೇ ದನಿ, ಈಗ ಬಹಳ ಮೆತ್ತಗೆ ಕೇಳಿತು:

“ಏನನ್ನ ನನಗೆ ಹೇಳಬಾರದಂತೆ, ಕೋಮಲಾ?”

ಮದುವೆಯಾದಾಗಿನಿಂದ ಈ ಮನುಷ್ಯನಿಗೆ ನಾನು ದೊಡ್ಡ ಸುಳ್ಳು ಹೇಳಿದವಳಲ್ಲ. ಅಣ್ಣಮ್ಮ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಬಳೆಯ ಚೂರನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ನಾನು ಅವರ ಕಡೆ ತಿರುಗಿದೆ.